ಬೆಳಗಿನ ಬಿಪಿ ಬೇರೆ, ರಾತ್ರಿಯ ಬಿಪಿ ಬೇರೆ

ಬೆಳಗಿನ ಆರು ಗಂಟೆ, ಮೈಸೂರಿನ ಕುಕ್ಕರಹಳ್ಳಿ ಕೆರೆ ಏರಿ. ಇಲ್ಲಿ ಬಿರುಸಾಗಿ ನಡೀತಿರೋರನ್ನ ನಿಲ್ಲಿಸಿ ಈಗಲೇ ಬಿಪಿ ನೋಡಿದರೆ, ಮನೇಲಿ ಸುಮ್ಮನೆ ಕೂತಿದ್ದಾಗಿನದಕ್ಕಿಂತ ಮೇಲಿನ ಅಂಕಿ ಜಾಸ್ತಿಯೇ ಬರುತ್ತೆ. ನಡೆಯುವಾಗ ಅದು ಏರಲೇಬೇಕು.

ನಿದ್ದೆಯಲ್ಲಿ ಬಿಪಿ ಹಗಲಿಗಿಂತ ನೂರಕ್ಕೆ 10ರಿಂದ 20ರಷ್ಟು ಇಳಿಯುತ್ತೆ. ಹಗಲು 130 ಇದ್ದವರಿಗೆ ನಡುರಾತ್ರಿ 110ರ ಆಸುಪಾಸು. ಏಳುವ ಹೊತ್ತಿಗೆ ಕಾರ್ಟಿಸಾಲ್, ಅಡ್ರಿನಲಿನ್ ಅನ್ನೋ ಹಾರ್ಮೋನುಗಳು ಹೆಚ್ಚಾಗಿ, ರಕ್ತನಾಳ ಬಿಗಿದು, ಅಂಕಿ ಮೇಲೇಳುತ್ತೆ. ಹೃದಯಾಘಾತ, ಪಾರ್ಶ್ವವಾಯು ಬೆಳಗಿನ ಹೊತ್ತು ಹೆಚ್ಚು ಆಗೋದಕ್ಕೆ ಇದೂ ಒಂದು ಕಾರಣ. ಮಧ್ಯಾಹ್ನ ಮುದ್ದೆ, ಬಸ್ಸಾರು ಹೊಟ್ಟೆ ತುಂಬಾ ಉಂಡಾಗ ಕರುಳಿನ ಕಡೆ ರಕ್ತ ಜಾಸ್ತಿ ಹರಿಯುತ್ತೆ. ವಯಸ್ಸಾದವರಿಗೆ ಬಿಪಿ ಕುಸಿಯಬಹುದು. ಉಂಡ ಕೂಡಲೇ ಎದ್ದ ಅಜ್ಜಿಗೆ ಕಣ್ಣು ಕತ್ತಲೆ ಬಂದರೆ ಇದನ್ನೂ ನೆನಪಿಡಿ, ಡಾಕ್ಟರಿಗೆ ಹೇಳಿ.

ಹಾಗಾದ್ರೆ ಯಾವಾಗ ನೋಡೋದು? ಎದ್ದ ಒಂದು ಗಂಟೆಯೊಳಗೆ, ಮೂತ್ರಕ್ಕೆ ಹೋಗಿ ಬಂದು, ಕಾಫಿಗೂ ತಿಂಡಿಗೂ ಮಾತ್ರೆಗೂ ಮುಂಚೆ. ಆಮೇಲೆ ಮಲಗೋ ಮುಂಚೆ ಇನ್ನೊಮ್ಮೆ. ಕಾಫಿ ಕುಡಿದೇಬಿಟ್ಟಿದ್ದೀರಾ? ಅರ್ಧ ಗಂಟೆ ತಡೀರಿ.

ಹೇಗೆ ನೋಡೋದು ಅಂತಲೂ ಹೇಳ್ತೀನಿ. ತೋಳಿಗೆ ಸುತ್ತೋ ಬಿಪಿ ಮಿಷಿನ್ ಪಟ್ಟಿಯ ಕೆಳ ಅಂಚು ಮೊಣಕೈ ಮಡಿಕೆಗಿಂತ ಎರಡು ಬೆರಳು ಮೇಲೆ, ಬರಿ ಚರ್ಮದ ಮೇಲೆ. ಸ್ವೆಟರ್ ತೋಳು ಸುರುಳಿ ಸುತ್ತಿ ಮೇಲೆ ತುರುಕಬೇಡಿ, ಅದೇ ತೋಳನ್ನ ಬಿಗೀತದೆ. ಬೆನ್ನಿಗೆ ಒರಗು, ಪಾದ ನೆಲದ ಮೇಲೆ, ಕೈ ಮೇಜಿನ ಮೇಲೆ ಎದೆ ಮಟ್ಟಕ್ಕೆ. ಕೈ 10 ಸೆಂಟಿಮೀಟರ್ ಕೆಳಗೆ ಜೋತುಬಿದ್ದರೂ ಅಂಕಿ ಸುಮಾರು 7–8 ಜಾಸ್ತಿ ತೋರಿಸುತ್ತೆ. ದಪ್ಪ ತೋಳಿಗೆ ಚಿಕ್ಕ ಪಟ್ಟಿ ಹಾಕಿದರಂತೂ ಇಲ್ಲದ ಬಿಪಿಗೆ ಮಾತ್ರೆ ನುಂಗಬೇಕಾದೀತು. ಐದು ನಿಮಿಷ ಸುಮ್ಮನೆ ಕೂತು, ಮಾತಾಡದೆ, ಒಂದು ನಿಮಿಷ ಬಿಟ್ಟು ಎರಡು ಸಲ ನೋಡಿ.

ಹೀಗೆ ಏಳು ದಿನ. ಮೊದಲ ದಿನದ್ದು ಬಿಟ್ಟು ಸರಾಸರಿ ತೆಗೀರಿ. 135/85 ಅಥವಾ ಅದಕ್ಕಿಂತ ಜಾಸ್ತಿ ಬಂದರೆ ಡಾಕ್ಟರನ್ನ ಕಾಣಿ. ಜೋರು ಗೊರಕೆ, ಸಕ್ಕರೆ ಕಾಯಿಲೆ, ಕಿಡ್ನಿ ತೊಂದರೆ ಇರೋರಲ್ಲಿ ರಾತ್ರಿ ಬಿಪಿ ಇಳಿಯದೇ ಇರಬಹುದು. ಅದನ್ನ ಮನೆ ಮಿಷಿನ್ ಹಿಡಿಯಲ್ಲ; 24 ಗಂಟೆ ಕಟ್ಟಿಕೊಳ್ಳೋ ಬಿಪಿ ಮಾನಿಟರ್ ಬೇಕಾ ಅಂತ ಕೇಳಿ. ಮಾತ್ರೆಯ ಹೊತ್ತನ್ನ ಮಾತ್ರ ನೀವೇ ಬದಲಾಯಿಸಬೇಡಿ. ಬರೆದಿಟ್ಟ ಅಂಕಿಗಳ ಜೊತೆ ಮಾತ್ರೆ ನುಂಗಿದ ಸಮಯವನ್ನೂ ಅದೇ ಪುಸ್ತಕದಲ್ಲಿ ಗುರುತು ಹಾಕಿ ತೋರಿಸಿ.