ಕಪ್ಪು ವೈರ್, ಬಿಳಿ ವೈರ್: ಬೇಸ್‌ಬೋರ್ಡ್ ಹೀಟರಿನ ಥರ್ಮೋಸ್ಟಾಟ್ ಬದಲಿಸುವಾಗ

ಕೇಳುಗರಿಗೆ ನಮಸ್ಕಾರ. ಅಮೆರಿಕ, ಕೆನಡಾಗಳ ಎಷ್ಟೋ ಹಳೆಯ ಅಪಾರ್ಟ್‌ಮೆಂಟುಗಳಲ್ಲಿ ಕಿಟಕಿಯ ಕೆಳಗೆ, ಗೋಡೆಯ ಬುಡಕ್ಕೆ ಅಂಟಿಕೊಂಡಂತೆ ಉದ್ದನೆಯ ತಗಡಿನ ಹೀಟರ್ ಇರುತ್ತದೆ. ಅದೇ ಬೇಸ್‌ಬೋರ್ಡ್ ಹೀಟರ್. ಅದನ್ನು ನಡೆಸುವ ಥರ್ಮೋಸ್ಟಾಟ್ ಸಾಮಾನ್ಯವಾಗಿ ಗೋಡೆಯ ಮೇಲಿರುತ್ತದೆ. ನಡುಚಳಿಗಾಲದಲ್ಲಿ ಅದು ಕೈಕೊಟ್ಟರೆ, ಊರಲ್ಲಿ ಸ್ವಿಚ್ಚು, ಫ್ಯೂಸು ಹಾಕಿ ಪಳಗಿದವರು ತಾವೇ ಸ್ಕ್ರೂಡ್ರೈವರ್ ಹಿಡಿದು ನಿಲ್ಲುತ್ತಾರೆ. ಕೆಲಸವೇನೋ ಒಂದು ಗಂಟೆಯದು. ಆದರೆ ಊರಿನ ವೈರಿಂಗ್ ಲೆಕ್ಕ ಅಲ್ಲಿ ನಡೆಯುವುದಿಲ್ಲ. ಇವತ್ತಿನ ಮಾತೆಲ್ಲ ಅದರ ಮೇಲೆಯೇ.

ನಮ್ಮ ಕಡೆಯ ಮನೆಗಳಲ್ಲಿ ಕೆಂಪು ಫೇಸು, ಕಪ್ಪು ನ್ಯೂಟ್ರಲ್, ಹಸಿರು ಅರ್ತ್. ಅಲ್ಲಿ ಕಪ್ಪೇ ಫೇಸು, ಬಿಳಿ ನ್ಯೂಟ್ರಲ್, ಬರಿಮೈ ತಾಮ್ರದ ತಂತಿ ಅರ್ತ್. ಇಷ್ಟೇ ಆಗಿದ್ದರೆ ಉರುಹೊಡೆದುಕೊಂಡು ಸಾಗಬಹುದಿತ್ತು. ಆದರೆ 240 ವೋಲ್ಟಿನ ಹೀಟರಿಗೆ ನ್ಯೂಟ್ರಲ್ ಬರುವುದೇ ಇಲ್ಲ. ಎರಡು ವೈರೂ ಫೇಸೇ. ಅರ್ತಿಗೆ ಇಟ್ಟು ನೋಡಿದರೆ ಒಂದೊಂದರಲ್ಲೂ 120 ವೋಲ್ಟ್, ಎರಡರ ನಡುವೆ 240. ಹಾಗಾಗಿ ಬಿಳಿ ವೈರಲ್ಲೂ ಕರೆಂಟು ಹರಿಯುತ್ತಿರುತ್ತದೆ. ಅಂಥ ಬಿಳಿ ವೈರಿಗೆ ಕಪ್ಪು ಅಥವಾ ಕೆಂಪು ಟೇಪು ಸುತ್ತಿ ಗುರುತು ಮಾಡಿರಬೇಕು. ಹಳೆಯ ಮನೆಗಳಲ್ಲಿ ಬಹಳ ಸಲ ಸುತ್ತಿರುವುದಿಲ್ಲ. ಬಿಳಿ ಅಂದರೆ ನ್ಯೂಟ್ರಲ್, ಕಪ್ಪು ಅಂದರೆ ಊರಿನ ಹಾಗೆ ನ್ಯೂಟ್ರಲ್ ಅಂದುಕೊಂಡು ಕೈಯಿಟ್ಟರೆ ಎರಡೂ ಕಡೆ ಶಾಕ್.

ಥರ್ಮೋಸ್ಟಾಟಿನಲ್ಲೂ ಎರಡು ಬಗೆ. ಸಿಂಗಲ್ ಪೋಲಿಗೆ ಎರಡು ವೈರ್, ಅದು ಒಂದು ಫೇಸನ್ನು ಮಾತ್ರ ಕತ್ತರಿಸುತ್ತದೆ. ಹೀಟರ್ ತಣ್ಣಗಿದ್ದರೂ ಇನ್ನೊಂದು ಫೇಸು ಅದರೊಳಗೆ ಹೊಂಚು ಹಾಕಿ ಕೂತಿರುತ್ತದೆ. ಡಬಲ್ ಪೋಲಿಗೆ ನಾಲ್ಕು ವೈರ್, ಆಫ್ ಮಾಡಿದರೆ ಎರಡೂ ಫೇಸು ಕಡಿಯುತ್ತವೆ. ಆದರೆ ಆಗಲೂ ಥರ್ಮೋಸ್ಟಾಟಿನ ಹಿಂದಿನ ಪೆಟ್ಟಿಗೆಯಲ್ಲಿ ಕರೆಂಟು ಇದ್ದೇ ಇರುತ್ತದೆ. ಆದ್ದರಿಂದ ಪ್ಯಾನೆಲ್ಲಿನಲ್ಲಿ, ಅಂದರೆ ಮನೆಯ ಬ್ರೇಕರುಗಳಿರುವ ಪೆಟ್ಟಿಗೆಯಲ್ಲಿ, ಆ ಕೋಣೆಯ ಬ್ರೇಕರನ್ನೇ ಇಳಿಸಬೇಕು. ಎರಡು ಹಿಡಿ ಒಟ್ಟಿಗೆ ಕೂಡಿಸಿರುವ ಬ್ರೇಕರ್ ಅದು. ಮುಟ್ಟಬೇಡಿ ಎಂದು ಒಂದು ಚೀಟಿ ಅಂಟಿಸಿ. ಆಮೇಲೆ ಮಲ್ಟಿಮೀಟರನ್ನು ಮೊದಲು ಕರೆಂಟಿರುವ ಪ್ಲಗ್ಗಿನಲ್ಲಿ ಇಟ್ಟು ಅದು ಸರಿಯಾಗಿದೆ ಎಂದು ಖಾತ್ರಿ ಮಾಡಿಕೊಳ್ಳಿ, ಪೆಟ್ಟಿಗೆಯಲ್ಲಿ ಪ್ರತಿ ವೈರನ್ನೂ ಅರ್ತಿಗೆ ಹಿಡಿದು ನೋಡಿ, ಮತ್ತೆ ಪ್ಲಗ್ಗಿನಲ್ಲಿ ನೋಡಿ. ಸತ್ತ ಮೀಟರ್ ಕೂಡ ಸೊನ್ನೆಯನ್ನೇ ತೋರಿಸುತ್ತದೆ.

ಹೊಸದನ್ನು ಕೊಳ್ಳುವ ಮುಂಚೆ ತಪ್ಪು ಯಾರದೆಂದು ತಿಳಿಯಲಿ. ಬ್ರೇಕರ್ ಇಳಿದಿರುವಾಗಲೇ ವೈರ್ ಬಿಚ್ಚಿ, ಹೀಟರಿಗೆ ಹೋಗುವ ಜೋಡಿಯ ನಡುವೆ (ಅದನ್ನು ಗುರುತಿಸುವ ಬಗೆ ಮುಂದೆ ಹೇಳುತ್ತೇನೆ) ಮೀಟರಿನಲ್ಲಿ ಓಮ್ ನೋಡಿ. 2000 ವ್ಯಾಟಿನ 240 ವೋಲ್ಟ್ ಹೀಟರ್ ಒಂದೇ ಇದ್ದರೆ ಸುಮಾರು 29 ಓಮ್ ಬರಬೇಕು. ಸಂಪರ್ಕವೇ ಇಲ್ಲವೆಂದು ಮೀಟರ್ ತೋರಿಸಿದರೆ ಹೀಟರಿನ ಎಲಿಮೆಂಟ್ ಕಡಿದಿದೆ, ಇಲ್ಲವೇ ಅದರೊಳಗಿನ ಕಟ್-ಔಟ್, ಅಂದರೆ ಅತಿ ಬಿಸಿಯಾದರೆ ಕರೆಂಟು ಕಡಿಯುವ ಸ್ವಿಚ್ಚು, ತೆರೆದುಕೊಂಡಿದೆ. ಪರದೆಯೋ ಸೋಫಾವೋ ಹೀಟರಿಗೆ ತಾಗಿದ್ದರೆ ಕಟ್-ಔಟ್ ಮತ್ತೆ ಮತ್ತೆ ಕಡಿಯುತ್ತದೆ, ಬೈಗುಳ ಮಾತ್ರ ಥರ್ಮೋಸ್ಟಾಟಿಗೆ. ಓಮ್ ಸರಿಯಿದ್ದರೆ ಥರ್ಮೋಸ್ಟಾಟಿನ ಆಚೀಚೆ ನೋಡಿ: ಏರಿಸಿದಾಗ ಹತ್ತಿರ ಹತ್ತಿರ ಸೊನ್ನೆ, ಪೂರ್ತಿ ಇಳಿಸಿದಾಗ ಸಂಪರ್ಕವೇ ಇರಬಾರದು. ಇಳಿಸಿದರೂ ಸೊನ್ನೆ ಎಂದರೆ, ಪ್ರತಿ ಸಲ ಹಾರುವ ಕಿಡಿಗೆ ಒಳಗಿನ ಕಾಂಟ್ಯಾಕ್ಟ್ ಬೆಸುಗೆ ಹಿಡಿದಿದೆ. ಕೋಣೆ ಒಲೆಯಂತೆ ಕಾದರೂ ಹೀಟರ್ ಆರದಿರುವುದು ಆಗಲೇ.

ಅಂಗಡಿಯಲ್ಲಿ ಡಬ್ಬದ ಮೇಲೆ ‘ಲೈನ್ ವೋಲ್ಟೇಜ್’ (ಮನೆಯ ಪೂರ್ತಿ ವೋಲ್ಟೇಜ್ ತಡೆಯುವಂಥದ್ದು) ಎಂದಿರಬೇಕು, 240 ವೋಲ್ಟ್ ಬರೆದಿರಬೇಕು. ಇಡೀ ಮನೆಯ ಫರ್ನೇಸಿಗೆ ಹಾಕುವ ಚೆಂದದ ಸ್ಮಾರ್ಟ್ ಥರ್ಮೋಸ್ಟಾಟುಗಳಲ್ಲಿ ಬಹುಪಾಲು 24 ವೋಲ್ಟಿನವು. ಅದನ್ನು ಇಲ್ಲಿ ಸಿಕ್ಕಿಸಿದರೆ ಸುಟ್ಟೇ ಹೋಗುತ್ತದೆ, ಬೆಂಕಿಯೂ ಹೊತ್ತಬಹುದು. ವ್ಯಾಟಿನ ಲೆಕ್ಕವೂ ಬೇಕು. ಸಾಮಾನ್ಯ ಬೇಸ್‌ಬೋರ್ಡ್ ಅಡಿಗೆ 250 ವ್ಯಾಟ್ ಎಳೆಯುತ್ತದೆ, ಎಂಟು ಅಡಿಯದು 2000. ಒಂದೇ ಥರ್ಮೋಸ್ಟಾಟಿಗೆ ಎರಡು ಹೀಟರ್ ಇದ್ದರೆ ಎರಡನ್ನೂ ಕೂಡಿಸಿ. 20 ಆಂಪಿಯರ್ ಬ್ರೇಕರಿನ ಮೇಲೆ 3840 ವ್ಯಾಟ್ ದಾಟಬಾರದು. ಹೊಸ ಥರ್ಮೋಸ್ಟಾಟಿನ ಮೇಲೆ ಬರೆದ ವ್ಯಾಟು ನಿಮ್ಮ ಮೊತ್ತಕ್ಕಿಂತ ಕಡಿಮೆ ಇರಕೂಡದು.

ಪೆಟ್ಟಿಗೆಗೆ ಎರಡು ಕೇಬಲ್ ಬಂದಿದ್ದರೆ ಒಂದು ಪ್ಯಾನೆಲ್ಲಿನದು, ಇನ್ನೊಂದು ಹೀಟರಿನದು. ಯಾವುದು ಯಾವುದೆಂದು ಊಹೆ ಮಾಡಬೇಡಿ. ತುದಿಗಳನ್ನು ದೂರ ದೂರ ಬಿಡಿಸಿಟ್ಟು ಬ್ರೇಕರ್ ಏರಿಸಿ, ಯಾವ ಜೋಡಿಯ ನಡುವೆ 240 ಬರುತ್ತದೋ ಅದು ಪ್ಯಾನೆಲ್ಲಿನದು. ಬ್ರೇಕರ್ ಇಳಿಸಿ, ಮತ್ತೆ ಪರೀಕ್ಷಿಸಿ, ಟೇಪಿನ ಗುರುತು ಹಾಕಿ. ಡಬಲ್ ಪೋಲಿನಲ್ಲಿ ಪ್ಯಾನೆಲ್ಲಿನ ಜೋಡಿ ಎಲ್1, ಎಲ್2 ಎಂದು ಗುರುತಿರುವ ಕಡೆಗೆ, ಹೀಟರಿನ ಜೋಡಿ ಟಿ1, ಟಿ2ಕ್ಕೆ. ಪ್ಯಾನೆಲ್ಲಿನ ಎರಡು ವೈರನ್ನೂ ಎಲ್1 ಮತ್ತು ಟಿ1ಕ್ಕೆ ಕೊಟ್ಟುಬಿಟ್ಟರೆ, ಕಾಂಟ್ಯಾಕ್ಟ್ ಮುಚ್ಚಿದ ಕ್ಷಣವೇ ನೇರ ಶಾರ್ಟ್. ಪೆಟ್ಟಿಗೆಗೆ ಬಂದಿರುವುದು ಎರಡೇ ವೈರಿನ ಒಂದು ಕೇಬಲ್ ಆದರೆ ಸಿಂಗಲ್ ಪೋಲೇ ಗತಿ.

ಇನ್ನು ವೈರ್‌ನಟ್, ಅಂದರೆ ವೈರಿನ ತುದಿಗಳನ್ನು ಜೋಡಿಸಲು ತಿರುಗಿಸಿ ಹಾಕುವ ಪ್ಲಾಸ್ಟಿಕ್ ಟೋಪಿ. ಸುಟ್ಟ ಥರ್ಮೋಸ್ಟಾಟುಗಳ ಹಿಂದೆ ಬಹಳ ಸಲ ಇರುವುದು ಸಡಿಲ ಜೋಡಣೆ. ಕಂದು ತಿರುಗಿದ, ಗರಿಗರಿಯಾದ ತುದಿಯನ್ನು ಹೊಳೆಯುವ ತಾಮ್ರ ಕಾಣುವವರೆಗೆ ಕತ್ತರಿಸಿ, ಅರ್ಧ ಇಂಚಿನಷ್ಟು ಸುಲಿದು, ತುದಿಗಳನ್ನು ಸಮ ಹಿಡಿದು ನಟ್ ಬಿಗಿಯಾಗಿ ತಿರುಗಿಸಿ. ಒಂದೊಂದೇ ವೈರ್ ಹಿಡಿದು ಎಳೆದು ನೋಡಿ. ಬರಿ ತಾಮ್ರ ಕಾಣಬಾರದು. ತಂತಿ ಬೆಳ್ಳಗಿದ್ದು ತಾಮ್ರವಲ್ಲ ಎನ್ನಿಸಿದರೆ ಅಲ್ಯುಮಿನಿಯಂ ಇರಬಹುದು. 1965ರಿಂದ 1973ರ ಸುಮಾರಿನಲ್ಲಿ ಕಟ್ಟಿದ ಮನೆಗಳಲ್ಲಿ ಅದು ಹೆಚ್ಚು. ಅಲ್ಲಿಗೆ ನಿಲ್ಲಿಸಿ, ಎಲೆಕ್ಟ್ರಿಷಿಯನ್ ಕರೆಯಿರಿ. ಬಾಡಿಗೆ ಮನೆಯಾದರೆ ಮಾಲೀಕರಿಗೆ ಹೇಳುವುದೇ ಸರಿ. ಕೆನಡಾದ ಕ್ವಿಬೆಕ್ ಪ್ರಾಂತ್ಯದಲ್ಲಂತೂ ಸ್ವಂತ ಮನೆಯಾದರೂ ಲೈಸೆನ್ಸ್ ಇರುವವರೇ ಈ ಕೆಲಸ ಮಾಡಬೇಕು.

ಮುಚ್ಚುವ ಮುಂಚೆ ಪೆಟ್ಟಿಗೆಯ ಸುತ್ತಲಿನ ಸಂದನ್ನು ಬೆರಳಿನಿಂದ ಮುಟ್ಟಿ ನೋಡಿ. ಗೋಡೆಯೊಳಗಿಂದ ತಣ್ಣನೆ ಗಾಳಿ ಬರುತ್ತಿದ್ದರೆ ಕೋಣೆ ಬೆಚ್ಚಗಾದದ್ದು ಥರ್ಮೋಸ್ಟಾಟಿಗೆ ಗೊತ್ತೇ ಆಗುವುದಿಲ್ಲ. ಆ ಸಂದನ್ನು ಮುಚ್ಚಿ, ವೈರ್‌ಗಳನ್ನು ಮಡಚಿ ಒಳಗಿಟ್ಟು ಸ್ಕ್ರೂ ಹಾಕಿ. ಬ್ರೇಕರ್ ಏರಿಸಿ, ಗುಂಡಿಯನ್ನು ಮೇಲಕ್ಕೆ ತಿರುಗಿಸಿ. ಸ್ವಲ್ಪ ಹೊತ್ತು ಧೂಳು ಸುಟ್ಟ ವಾಸನೆ ಬಂದು ಹೋಗುವುದು ಸಹಜ. ಅರ್ಧ ಗಂಟೆ ಬಿಟ್ಟು ಥರ್ಮೋಸ್ಟಾಟಿನ ಮುಖವನ್ನು ಅಂಗೈಯಿಂದ ಮುಟ್ಟಿ. ಉಗುರುಬೆಚ್ಚಗಿದ್ದರೆ ಚಿಂತೆಯಿಲ್ಲ. ಕೈ ಇಡಲಾರದಷ್ಟು ಬಿಸಿಯಿದ್ದರೆ ಒಳಗೆ ಯಾವುದೋ ನಟ್ ಸಡಿಲವಿದೆ, ಬ್ರೇಕರ್ ಇಳಿಸಿ ಮತ್ತೆ ಬಿಚ್ಚಿ ನೋಡಿ.