ನಾಬ್ ಇರುವ ಸ್ಲೋ ಕುಕ್ಕರ್ ತಗೊಳ್ಳಿ ಮಾರಾಯ್ರೆ

ನಮಸ್ಕಾರ, ಸುರತ್ಕಲ್‌ನಿಂದ ನಾನು. ಇವತ್ತು ಒಲೆ ಹಚ್ಚುವುದಿಲ್ಲ, ಮಾತು ಮಾತ್ರ. ಕಳೆದ ವಾರದ ಸೇಟಾನ್ ಸುಕ್ಕ ವಿಡಿಯೋ ನೋಡಿ ಬೆಂಗಳೂರಿನವರೊಬ್ಬರು ಬರೆದಿದ್ದಾರೆ: "ಈ ಕಾಲದಲ್ಲೂ ತಿರುಗಿಸುವ ನಾಬ್ ಇರುವ ಸ್ಲೋ ಕುಕ್ಕರಾ? ಒಳ್ಳೇ ಡಿಜಿಟಲ್ ಒಂದು ತಗೊಳ್ಳಬಾರದಾ?"

ತಗೊಳ್ಳಬಾರದು. ಸೇಟಾನ್ ಮಾಡುವವರು, ಅದೂ ಕರಾವಳಿಯಲ್ಲಿ ಮಾಡುವವರು, ನಾಬ್ ಇರುವುದನ್ನೇ ತಗೊಳ್ಳಬೇಕು. ಯಾಕೆ ಅಂತ ಹೇಳುತ್ತೇನೆ.

ಸ್ಲೋ ಕುಕ್ಕರ್ ಅಂದರೆ ಸಣ್ಣ ಬಿಸಿಯಲ್ಲಿ ಗಂಟೆಗಟ್ಟಲೆ ಬೇಯಿಸುವ ಕರೆಂಟಿನ ಪಾತ್ರೆ. ಸೇಟಾನ್ ಗೊತ್ತಿಲ್ಲದವರಿಗೆ ಎರಡು ಮಾತು. ಗೋಧಿ ಹಿಟ್ಟನ್ನು ಗಟ್ಟಿಯಾಗಿ ನಾದಿ, ನೀರಿನಲ್ಲಿ ಹಿಚುಕಿ ಹಿಚುಕಿ ತೊಳೆದರೆ ಪಿಷ್ಟ ಹಾಲಿನ ಹಾಗೆ ಹರಿದು ಹೋಗುತ್ತದೆ. ಕೈಯಲ್ಲಿ ಉಳಿಯುವ ಅಂಟು ಉಂಟಲ್ಲ, ಅದು ಗ್ಲುಟೆನ್. ಅದನ್ನು ಮಸಾಲೆ ನೀರಿನಲ್ಲಿ ಬೇಯಿಸಿದರೆ ಸೇಟಾನ್. ತೊಳೆಯಲು ಪುರುಸೊತ್ತಿಲ್ಲದಿದ್ದರೆ ಗ್ಲುಟೆನ್ ಪುಡಿಯೇ ಸಿಗುತ್ತದೆ, ಅದರಲ್ಲಿ ಮುಕ್ಕಾಲು ಪಾಲು ಪ್ರೋಟೀನ್. ಚೀನಾದಲ್ಲಿ ಸಾವಿರದ ಮೇಲೆ ಎಷ್ಟೋ ವರ್ಷಗಳಿಂದ ಮಾಡುತ್ತಾ ಬಂದಿದ್ದಾರೆ. ಸೇಟಾನ್ ಎಂಬ ಹೆಸರು ಮಾತ್ರ ಹೊಸತು, 1961ರಲ್ಲಿ ಜಪಾನಿನ ಜಾರ್ಜ್ ಒಸಾವಾ ಇಟ್ಟದ್ದು. ಸೀಲಿಯಾಕ್, ಅಂದರೆ ಗ್ಲುಟೆನ್ ಆಗದ ಕಾಯಿಲೆ ಇರುವವರು, ಗೋಧಿ ಆಗದವರು ದಯವಿಟ್ಟು ಇದರ ಹತ್ತಿರವೂ ಬರಬೇಡಿ.

ಈಗ ವಿಷಯಕ್ಕೆ ಬರುತ್ತೇನೆ. ಸೇಟಾನ್ ಕೊತಕೊತ ಕುದಿಯಬಾರದು. ಕುದಿದರೆ ಒಳಗಿನ ಗಾಳಿ, ಹಬೆ ಎಲ್ಲ ಉಬ್ಬಿ ಪಾತ್ರೆ ತಿಕ್ಕುವ ಸ್ಪಂಜಿನ ಹಾಗೆ ಆಗುತ್ತದೆ. ನೀರು ಬಿಸಿಯಾಗಿ ಅಲ್ಲೊಂದು ಇಲ್ಲೊಂದು ಗುಳ್ಳೆ ಏಳುತ್ತಾ ಇರಬೇಕು, ಅಷ್ಟೇ. ಗಂಟೆಗಟ್ಟಲೆ ಹಾಗೆಯೇ ಇರಬೇಕು. ಆಗ ಗಟ್ಟಿ ಬರುತ್ತದೆ, ಸೀಳಿದರೆ ಎಳೆ ಎಳೆಯಾಗಿ ಬರುತ್ತದೆ. ಅದಕ್ಕೇ ಸ್ಲೋ ಕುಕ್ಕರ್. ನನ್ನದು ಮೂರೂವರೆ ಲೀಟರಿನದು, 200 ವ್ಯಾಟ್. ಬಿಸಿ ಮಸಾಲೆ ನೀರು ಹಾಕಿ, ಬಟ್ಟೆಯಲ್ಲಿ ಸುತ್ತಿದ ಉಂಡೆ ಇಳಿಸಿ, ಲೋ ಇಟ್ಟರೆ ಐದಾರು ಗಂಟೆ. ಇಡೀ ಎಂಟು ಗಂಟೆ ಬಿಟ್ಟರೂ ಒಂದೂವರೆ ಯೂನಿಟ್ ಚಿಲ್ಲರೆ ಕರೆಂಟು.

ಕರೆಂಟು ಇದ್ದರೆ! ನಮ್ಮಲ್ಲಿ ಜೂನ್ ಬಂತೆಂದರೆ ಕರೆಂಟಿನ ಕಥೆ ಗೊತ್ತಲ್ಲ. ಒಂದು ಗಾಳಿ ಬೀಸಿ ತೆಂಗಿನ ಮಡಲು ಲೈನಿನ ಮೇಲೆ ಬಿದ್ದರೆ ಮುಗಿಯಿತು. ಹತ್ತು ನಿಮಿಷಕ್ಕೆ ಬರುತ್ತದೆ, ಮತ್ತೆ ಹೋಗುತ್ತದೆ, ಮತ್ತೆ ಬರುತ್ತದೆ. ನಾಬ್ ಇರುವ ಕುಕ್ಕರಿಗೆ ಇದು ಏನೂ ಅಲ್ಲ. ನಾಬ್ ಲೋ ಮೇಲೆ ಇದೆ, ಕರೆಂಟು ಬಂದ ಕೂಡಲೇ ತನ್ನಷ್ಟಕ್ಕೆ ಬಿಸಿಯಾಗುತ್ತದೆ. ಒಳಗಿನ ಪಿಂಗಾಣಿ ಪಾತ್ರೆ ದಪ್ಪ, ಮುಚ್ಚಳ ತೆಗೆಯದಿದ್ದರೆ ಹತ್ತಿಪ್ಪತ್ತು ನಿಮಿಷಕ್ಕೆ ಏನೂ ತಣಿಯುವುದಿಲ್ಲ. ಡಿಜಿಟಲ್? ಬಹಳಷ್ಟು ಮಾಡೆಲ್‌ಗಳಿಗೆ ಒಂದು ಸಲ ಕರೆಂಟು ಹೋಗಿ ಬಂದರೆ ಎಲ್ಲ ಮರೆತುಹೋಗುತ್ತದೆ. ಸ್ಕ್ರೀನ್ ಮಿಣಿಮಿಣಿ ಅನ್ನುತ್ತಾ ಕೂತಿರುತ್ತದೆ. ನೀವು ಬಂದು ಬಟನ್ ಒತ್ತುವವರೆಗೆ ಬಿಸಿಯೇ ಇಲ್ಲ.

ನಾನು ಇದನ್ನು ಅನುಭವಿಸಿದ್ದೇನೆ. ಎರಡು ವರ್ಷದ ಹಿಂದೆ, ಆಟಿ ತಿಂಗಳು, ಅಂದರೆ ಜುಲೈ-ಆಗಸ್ಟ್‌ನ ಜೋರು ಮಳೆಗಾಲ, ಮನೆಗೆ ನೆಂಟರು ಬರುವವರಿದ್ದರು. ಎರಡು ಕಿಲೋ ಮೈದಾ ನಾದಿ ತೊಳೆದಿದ್ದೆ. ಕೈ ಬಿದ್ದುಹೋಗಿತ್ತು. ಬೆಳಿಗ್ಗೆ ಎಂಟಕ್ಕೆ ಡಿಜಿಟಲ್ ಕುಕ್ಕರಿನಲ್ಲಿ ಇಟ್ಟು ಉಡುಪಿಗೆ ಒಂದು ಕಾರ್ಯಕ್ರಮಕ್ಕೆ ಹೋದೆ. ಸಂಜೆ ಬಂದು ನೋಡಿದರೆ ಸ್ಕ್ರೀನ್ ಮಿನುಗುತ್ತಾ ಇದೆ. ಪಾತ್ರೆ ಉಗುರುಬೆಚ್ಚಗೆ. ಕತ್ತರಿಸಿದೆ, ನಡುವೆ ಹಸಿ ಹಸಿ ರಬ್ಬರ್. ಎಷ್ಟು ಹೊತ್ತು ಹಾಗೆ ಇತ್ತೋ ಗೊತ್ತಿಲ್ಲ. ಬೆಚ್ಚಗಿನ ನೀರಿನಲ್ಲಿ ಗಂಟೆಗಟ್ಟಲೆ ಕೂತದ್ದನ್ನು ತಿನ್ನಬಾರದು, ಎಲ್ಲ ಚೆಲ್ಲಿದೆ. ಅಂಗಡಿಯವರಿಗೆ ಫೋನ್ ಮಾಡಿದರೆ "ಅದು ಹಾಗೆಯೇ ಸರ್" ಅಂದರು. ಹಾಗೆಯೇ ಆದರೆ ಮಾರುವಾಗ ಹೇಳಬೇಕಲ್ವಾ?

ಆಮೇಲೆ ನಾಬ್ ಇರುವುದು ತಂದೆ. ಎರಡು ಮಳೆಗಾಲ ಆಯಿತು, ಒಂದು ಉಂಡೆಯೂ ಹಾಳಾಗಲಿಲ್ಲ.

"ಡಿಜಿಟಲ್ ಆದರೆ ಟೈಮ್ ಆದ ಮೇಲೆ ತಾನೇ ವಾರ್ಮ್‌ಗೆ ಹೋಗುತ್ತದೆ" ಅಂತ ಒಬ್ಬರು. ಹೋಗಲಿ. ಬೇಯದೆ ಇರುವುದನ್ನು ವಾರ್ಮ್ ಮಾಡಿ ಎಂತ ಮಾಡುವುದು? "ಇನ್ವರ್ಟರ್ ಇಲ್ವಾ?" ಅಂತ ಇನ್ನೊಬ್ಬರು. ನಿಮ್ಮ ಅಡುಗೆಮನೆಯ ಪಾಯಿಂಟನ್ನು ಇನ್ವರ್ಟರಿಗೆ ಕೊಟ್ಟಿದ್ದೀರಾ? ಹೆಚ್ಚಿನ ಮನೆಗಳಲ್ಲಿ ಲೈಟು, ಫ್ಯಾನು, ಅಷ್ಟೇ. "ಡಿಜಿಟಲ್‌ನಲ್ಲಿ ಕರೆಂಟು ಹೋದದ್ದಾದರೂ ಗೊತ್ತಾಗುತ್ತದೆ" ಅಂತ ಮತ್ತೊಬ್ಬರು. ಗೊತ್ತಾಗಿ? ತಣ್ಣಗಾದ ಮುದ್ದೆಯನ್ನು ನೋಡುತ್ತಾ ಕೂರುವುದಾ? ಮನೆಯಲ್ಲಿ ಇರುವ ದಿನ ಇಡಿ. ಗಂಟೆಗಟ್ಟಲೆ ಬರುವ ಲಕ್ಷಣ ಇಲ್ಲದಿದ್ದರೆ, ತಣಿಯುವ ಮೊದಲೇ ಗ್ಯಾಸಿನ ಮೇಲೆ ಬೇರೆ ಪಾತ್ರೆಗೆ ಹಾಕಿ ಸಣ್ಣ ಉರಿಯಲ್ಲಿ ಮುಗಿಸಿ. ಪಿಂಗಾಣಿ ಪಾತ್ರೆಯನ್ನೇ ಗ್ಯಾಸಿನ ಮೇಲೆ ಇಡಬೇಡಿ, ಒಡೆಯುತ್ತದೆ.

ಪ್ರೆಷರ್ ಕುಕ್ಕರಿನವರು ಬೇರೆ. ನಾಲ್ಕು ಸೀಟಿ ಸಾಕಂತೆ. ಸೀಟಿ ಹೊಡೆದು ಒತ್ತಡ ಇಳಿದಾಗಲೆಲ್ಲ ಒಳಗೆ ನೀರು ಭೋರ್ ಅಂತ ಕುದಿಯುತ್ತದೆ. ಕುದಿದರೆ ಎಂತ ಆಗುತ್ತದೆ ಅಂತ ಆಗಲೇ ಹೇಳಿದೆನಲ್ಲ. ಕುಚ್ಚಲಕ್ಕಿ ಅನ್ನವನ್ನು ಒಂದು ಕುದಿ ಬರಿಸಿ ಥರ್ಮಲ್ ಡಬ್ಬದಲ್ಲಿ ಇಟ್ಟು ಬಿಡುವ ಊರಿನವರು ನಾವು. ನಿಧಾನ ಬೇಯುವುದು ಅಂದರೆ ಎಂತ ಅಂತ ನಮಗೆ ಸೀಟಿಯವರು ಹೇಳಿಕೊಡಬೇಕಾ? ಇನ್ನು "ಗುಜ್ಜೆ ಇರುವಾಗ ಇದೆಲ್ಲ ಯಾಕೆ" ಅನ್ನುವವರು: ಗುಜ್ಜೆ, ಅಂದರೆ ಎಳೆ ಹಲಸಿನ ಸುಕ್ಕ ನನಗೂ ಜೀವ. ಆದರೆ ಆಟಿಯ ಮಳೆಯಲ್ಲಿ ಗುಜ್ಜೆ ಎಲ್ಲಿಂದ ತರುವುದು? ಅಷ್ಟು ಪ್ರೋಟೀನ್ ಅದರಲ್ಲಿ ಎಲ್ಲಿದೆ?

ಈ ಸ್ಲೋ ಕುಕ್ಕರ್ ಕಂಡುಹಿಡಿದವರು ಇರ್ವಿಂಗ್ ನ್ಯಾಕ್ಸನ್ ಅಂತ ಅಮೆರಿಕದ ಇಂಜಿನಿಯರ್. ಪೇಟೆಂಟ್ ಸಿಕ್ಕಿದ್ದು 1940ರಲ್ಲಿ. ಅವರ ಅಮ್ಮ ಹೇಳುತ್ತಿದ್ದ ಕಥೆಯಿಂದ ಹೊಳೆದದ್ದಂತೆ: ಲಿಥುವೇನಿಯಾದ ಯೆಹೂದಿ ಮನೆಗಳವರು ಶುಕ್ರವಾರ ಸಂಜೆ ಕಾಳು ಮಾಂಸದ ಮಡಕೆಯನ್ನು ಬೇಕರಿಯ ಒಲೆಯಲ್ಲಿ ಇಟ್ಟು ಬರುತ್ತಿದ್ದರು, ಆರುವ ಒಲೆಯ ಬಿಸಿಯಲ್ಲಿ ರಾತ್ರಿಯಿಡೀ ಬೇಯುತ್ತಿತ್ತು. ಯಾವ ಬಟನ್ ಇತ್ತು ಅಲ್ಲಿ? ಯಾವ ಸ್ಕ್ರೀನ್ ಇತ್ತು?

ದುಬೈಯಿಂದ ತರಿಸುವವರಿಗೆ ಒಂದು ಮಾತು. ಅಲ್ಲಿಯದು ನಮ್ಮ ವೋಲ್ಟೇಜೇ, ಪಿನ್ ಮಾತ್ರ ಬೇರೆ. ಅಮೆರಿಕದಿಂದ ಬಂದದ್ದು 120 ವೋಲ್ಟಿನದು, ನೇರ ಸಿಕ್ಕಿಸಿದರೆ ಸುಟ್ಟುಹೋಗುತ್ತದೆ. ಉದ್ದ ರೋಲ್ ಮಾಡುವವರು ಮೊಟ್ಟೆಯಾಕಾರದ ಪಾತ್ರೆ ನೋಡಿ, ಉಂಡೆ ಮಾಡುವವರಿಗೆ ಗುಂಡಗಿನದು ಸಾಕು. ಸೇಟಾನ್ ಬೆಂದಾಗ ಚೆನ್ನಾಗಿ ಉಬ್ಬುತ್ತದೆ, ಆದ್ದರಿಂದ ತೀರ ಸಣ್ಣದು ಬೇಡ. ತಂದ ಮೇಲೆ ಅರ್ಧ ನೀರು ತುಂಬಿಸಿ ಲೋ ಮೇಲೆ ಎಂಟು ಗಂಟೆ ಇಡಿ. ಮುಚ್ಚಳ ತೆಗೆದ ಕೂಡಲೇ ಥರ್ಮಾಮೀಟರ್ ಹಾಕಿ. 85ರಿಂದ 93 ಡಿಗ್ರಿ ಇದ್ದರೆ ಸರಿ ಉಂಟು. ಕೊತಕೊತ ಅನ್ನುತ್ತಾ ಇದ್ದರೆ ವಾಪಸ್ ಕೊಡಿ, ನಾಬ್ ಇರುವುದಾದರೂ ಸರಿ.

ಇದನ್ನೆಲ್ಲ ಸುಕ್ಕ ವಿಡಿಯೋದಲ್ಲಿ ತೋರಿಸಿದ್ದೇನೆ, ಬ್ಯಾಡಗಿ ಮೆಣಸು ಹುರಿಯುವಲ್ಲಿಂದ ಹಿಡಿದು. ನೋಡದವರು ನೋಡಿ, ನೀರುದೋಸೆ ಜೊತೆ ತಿಂದು ಹೇಳಿ. ಸಬ್‌ಸ್ಕ್ರೈಬ್ ಮಾಡಿ, ಮಾಡಿದವರು ಮನೆಯ ಒಬ್ಬರಿಂದಾದರೂ ಮಾಡಿಸಿ. ಈ ಚಾನೆಲ್‌ಗೆ ಯಾವ ಕಂಪೆನಿಯೂ ದುಡ್ಡು ಕೊಡುವುದಿಲ್ಲ. ಅದಕ್ಕೇ ಇಷ್ಟು ಗಟ್ಟಿಯಾಗಿ ಹೇಳುತ್ತಾ ಇದ್ದೇನೆ. ನಾಬ್ ತಗೊಳ್ಳಿ.

ಬೆಲೆಯೂ ಕಡಿಮೆ. ಅಮ್ಮನಿಗೂ ಗೊತ್ತಾಗುತ್ತದೆ, ಅಜ್ಜಿಗೂ ಗೊತ್ತಾಗುತ್ತದೆ. ಆಫ್, ಲೋ, ಹೈ. ಇನ್ನೇನು ಬೇಕು ಮಾರಾಯ್ರೆ? ಹದಿನಾಲ್ಕು ಬಟನ್ ಇಟ್ಟುಕೊಂಡು ಕೇಕ್ ಮಾಡುತ್ತೀರಾ, ಮೊಸರು ಮಾಡುತ್ತೀರಾ? ಮಾಡುವುದಿಲ್ಲ! ಯಾರೂ ಮಾಡುವುದಿಲ್ಲ! ಒಂದು ಲೋ ಸಾಕು. ಕರೆಂಟು ಬಂದಾಗ ಲೋ ಲೋ ಆಗಿಯೇ ಇರಬೇಕು. ನಾಬ್!

ಬೆಂಗಳೂರಿನ ಅಣ್ಣ, ಜುಲೈಯಲ್ಲಿ ಒಂದು ವಾರ ನಮ್ಮ ಮನೆಗೆ ಬನ್ನಿ. ನಿಮ್ಮ ಡಿಜಿಟಲ್ ಕುಕ್ಕರ್ ತನ್ನಿ. ಎರಡನ್ನೂ ಪಕ್ಕಪಕ್ಕದಲ್ಲಿ ಇಟ್ಟು ಕ್ಯಾಮೆರಾ ಆನ್ ಮಾಡುತ್ತೇನೆ. ಮೈದಾ ನಾನೇ ತೊಳೆಯುತ್ತೇನೆ.