ಗಾಲಿ ಬದಲಿಸೂಕಿಂತ ಮೊದಲ ಟೇಪ್ ಹಿಡೀರಿ

ಎಲ್ಲಾರಿಗೂ ನಮಸ್ಕಾರ್ರಿ. ಡೌನ್‌ಹಿಲ್, ಅಂದ್ರ ಗುಡ್ಡದಿಂದ ಜೋರಾಗಿ ಇಳಿಯೂ ಸೈಕಲ್ ಬಗ್ಗೆ ಕೇಳಾಕ ಧಾರವಾಡದಾಗ ಇಷ್ಟು ಮಂದಿ ಕೂಡಿದ್ದು ನೋಡಿ ಭಾಳ ಖುಷಿ ಆತು, ಗದಗ, ಹಾವೇರಿಯಿಂದ ಮುಂಜಾನೆ ಬಸ್ ಹಿಡದು ಬಂದೋರೂ ಅದೀರಿ. ನೀವೆಲ್ಲಾ ಸೈಕಲ್ ಬಲ್ಲೋರು, ಧಕ್ಕೆ ನುಂಗೂ ಹಿಂದಿನ ಶಾಕ್, ಮುಂದಿನ ಫೋರ್ಕ್ ಬಗ್ಗೆ ಉದ್ದಕ ಹೇಳಕೊಂತ ಕುಂದ್ರೂದಿಲ್ಲ. ನನಗ ಹೇಳೂದು ಒಂದ ಮಾತೈತಿ. ಈಗ ನಮ್ಮ ಹುಡುಗೂರು 29 ಇಂಚಿನ ಗಾಲಿ ತಗೊಳ್ಳೂದೋ, ಮುಂದ ದೊಡ್ಡದು ಹಿಂದ ಸಣ್ಣದು ಹಾಕಿ ಮುಲೆಟ್ ಮಾಡಿಸೂದೋ ಅಂತ ಮಧ್ಯರಾತ್ರಿತನಕ ವಾಟ್ಸಾಪ್‌ನಾಗ ಜಗಳಾಡ್ತಾರ, ಆದ್ರ ತಮ್ಮಾ ನಿನ್ನ ಸೈಕಲ್‌ದು ಸ್ಯಾಗ್, ಅಂದ್ರ ನಿನ್ನ ಭಾರಕ್ಕ ಶಾಕ್ ಕುಸಿಯೂದು, ಎಷ್ಟೈತಪಾ ಅಂದ್ರ ಒಬ್ಬನ ಬಾಯಾಗೂ ನಂಬರ್ ಬರೂದಿಲ್ಲ. ಮೊದಲ ಅಳತಿ ಟೇಪ್ ಹಿಡೀರಿ, ಆಮ್ಯಾಲೆ ರೊಕ್ಕ ತಗೀರಿ.

ಗಾಲಿ ಮಾತು ಸುಳ್ಳಲ್ಲ ಮತ್ತ. ದೊಡ್ಡ ಗಾಲಿ ಕಲ್ಲು ತಗ್ಗು ಸಲೀಸಾಗಿ ದಾಟತೈತಿ, ನಮ್ಮ ಹಿರ್ಯಾರು ಚಕ್ಕಡಿಗೆ ಅಷ್ಟು ದೊಡ್ಡ ಗಾಲಿ ಹಾಕಿದ್ದು ಸುಮ್ನ ಅಲ್ಲ. 26 ಇಂಚು ಹೋಗಿ 27.5 ಬಂತು, 2017ರಾಗ ಫ್ರಾನ್ಸಿನ ಲೂರ್ಡ್ಸ್ ವರ್ಲ್ಡ್ ಕಪ್‌ಗೆ ಸಾಂತಾ ಕ್ರೂಜ್ ಕಂಪನಿ ಟೀಮ್‌ನವರು 29ರ ವಿ10 ಸೈಕಲ್ ತಂದಾಗ ಎಲ್ಲಾರೂ ಬಾಯಿ ತಕ್ಕೊಂಡು ನೋಡಿದ್ರು, ಅದ ವರ್ಷ ಸ್ಕಾಟ್ಲೆಂಡಿನ ಫೋರ್ಟ್ ವಿಲಿಯಂನಾಗ ಅದ ಟೀಮಿನ ಗ್ರೆಗ್ ಮಿನಾರ್ ಅದರ ಮ್ಯಾಲೆ ಗೆದ್ದ. ಆದ್ರ ಮಿನಾರ್ ಆರಡಿ ಮ್ಯಾಲಿನ ಆಳು. ಎತ್ತರ ಕಮ್ಮಿ ಇದ್ದೋರು ಕಡಿದಾದ ಇಳಿಜಾರಿನಾಗ ಹಿಂದಕ್ಕ ಸರದ್ರ 29ರ ಹಿಂದಿನ ಟೈರ್ ಕುಂಡಿಗೆ ತಾಗತೈತಿ, ನಗಬ್ಯಾಡ್ರಿ, ಖರೇನ ಪ್ಯಾಂಟ್ ಹರೀತೈತಿ. ಹಂಗಾಗಿ ಮುಂದ 29 ಹಿಂದ 27.5, ಅದಕ್ಕ ಮುಲೆಟ್ ಅಂತಾರ. 2019ರಾಗ ಸೈಕಲ್ ರೇಸಿನ ಜಾಗತಿಕ ಸಂಸ್ಥೆ ಯುಸಿಐ, ಎರಡೂ ಗಾಲಿ ಒಂದ ಸೈಜ್ ಇರಬೇಕನ್ನೂ ನಿಯಮ ಬಿಟ್ಟ ಮ್ಯಾಲೆ ಫ್ರಾನ್ಸಿನ ಲೊಯಿಕ್ ಬ್ರೂನಿ ಅದ ವರ್ಷ ಕೆನಡಾದ ಮೋಂಟ್ ಸೇಂಟ್ ಆ್ಯನ್‌ನಾಗ ಮುಲೆಟ್ ಮ್ಯಾಲೆನ ವಿಶ್ವ ಚಾಂಪಿಯನ್ ಆದ. ಆ ರೇಸಿನ ವಿಡಿಯೋ ನೋಡಿದ ಮ್ಯಾಲೆ ನಮ್ಮ ಹುಡುಗೂರನ್ನ ಹಿಡಿಯಾಕ ಆಗವಲ್ದು.

ಗದಗ ಕಡಿ ಹುಡುಗ ಒಬ್ಬ, ಹೆಸರು ಬ್ಯಾಡ, ಈಗೂ ಚಲೋ ಹೊಡಿತಾನ. 29ರ ಫ್ರೇಮಿಗೆ ಹಿಂದ 27.5 ಗಾಲಿ ಹಾಕಿಸ್ಕೊಂಡ. ಅಂಗಡಿಯವರು ಗಾಲಿ ಕೂಡ್ರಿಸಿ ರೊಕ್ಕ ಇಸ್ಕೊಂಡು ಕಳಿಸಿದ್ರು, ಫ್ರೇಮ್‌ನಾಗ ಎತ್ತರ ಬದಲಿಸೂ ಫ್ಲಿಪ್ ಚಿಪ್ ಅನ್ನೂ ಸಣ್ಣ ತುಂಡು ಐತಿ ಅದನ್ನ ತಿರುವಬೇಕು ಅಂತ ಹೇಳಲೇ ಇಲ್ಲ. ಮರುವಾರ ನಮ್ಮ ಕಡೆ ಗರಸಿನ ಇಳಿಜಾರಿಗೆ ಬಂದ, ಮೊದಲನೇ ತಿರುವಿನಾಗ ಪೆಡಲ್ ಕಲ್ಲಿಗೆ ಬಡೀತು, ಎರಡನೇದಕ್ಕೂ ಬಡೀತು, ಕೆಳಗ ಬರೂದ್ರಾಗ ಪೆಡಲ್ ಪಿನ್ನು ಎರಡು ಮುರದಿದ್ವು, ಎಡಗಾಲ ಪಾದ ಬಾತಿತ್ತು. "ಅಣ್ಣಾರ, ಕ್ರ್ಯಾಂಕ್ ಗಿಡ್ಡದ್ದು ತರಸ್ತೇನ್ರಿ" ಅಂದ, ಅಂದ್ರ ಪೆಡಲ್ ಕೂಡ್ರೂ ತೋಳು. ತಡಿಯೋ ಮಾರಾಯಾ ಅಂತ ಹೇಳಿ ಪಾರ್ಕಿಂಗ್‌ನಾಗ ಸೈಕಲ್ ನಿಲ್ಲಿಸಿ ನೆಲದಿಂದ ಕ್ರ್ಯಾಂಕ್ ತಿರಗೂ ಅಚ್ಚು, ಅಂದ್ರ ಬಾಟಮ್ ಬ್ರಾಕೆಟ್ (ಬಿಬಿ), ಅದರ ನಡುವಿನತನಕ ಟೇಪ್ ಹಿಡದ್ವಿ. 340 ಮಿ.ಮೀ. ಹಳೇ ಗಾಲಿ ಅವನ ಗಾಡ್ಯಾಗ ಇತ್ತು, ಅದನ್ನ ಹಾಕಿ ಅಳದ್ರ 352. ಲೆಕ್ಕಾನೂ ಹಂಗ ಬರ್ತೈತ್ರಿ: 29ರ ರಿಮ್ ಅಡ್ಡಳತಿ 622 ಮಿ.ಮೀ., 27.5ರದ್ದು 584, ನಡುವ 38, ಅರ್ಧ ಅಂದ್ರ ಹಿಂದಿನ ಆ್ಯಕ್ಸಲ್ 19 ಮಿ.ಮೀ. ಕೆಳಗ ಕುಂತತಿ. ಎರಡೂ ಆ್ಯಕ್ಸಲ್ ನಡುವಿನ ದೂರ (ವೀಲ್‌ಬೇಸ್) 1250, ಬಿಬಿಯಿಂದ ಹಿಂದಿನ ಆ್ಯಕ್ಸಲ್‌ತನಕ (ಚೈನ್‌ಸ್ಟೇ) 445 ಹಿಡದ್ರ ಬಿಬಿ ಸುಮಾರು 12 ಇಳೀತೈತಿ, ಹೆಡ್ ಆ್ಯಂಗಲ್, ಅಂದ್ರ ಮುಂದಿನ ಫೋರ್ಕ್ ವಾಲೂ ಕೋನ, ಹೆಚ್ಚುಕಮ್ಮಿ 0.9 ಡಿಗ್ರಿ ಮಲಗತೈತಿ. 63 ಇದ್ದದ್ದು 62 ಆತು, ಅದಕ್ಕ ಸಪಾಟ ತಿರುವಿನಾಗ ಮುಂದಿನ ಗಾಲಿ ಎತ್ತಾಗ ಬೇಕು ಅತ್ತಾಗ ಹೊಂಟಿತ್ತು, ಅವ ಟೈರ್ ಸರಿ ಇಲ್ಲ ಅಂತ ತಿಳ್ಕೊಂಡಿದ್ದ.

ಚಿಪ್ ನೋಡಿದ್ರ ಲೋ ಪೊಸಿಷನ್ ಒಳಗ ಇತ್ತು. ಎರಡು ಬೋಲ್ಟ್ ಬಿಚ್ಚಿ ಹೈಗೆ ತಿರುವಿದ್ವಿ, 7 ಮಿ.ಮೀ. ಮ್ಯಾಲೆ ಬಂತು, 347. ಇನ್ನೂ ಪೆಡಲ್ ಅಲ್ಲಲ್ಲಿ ಬಡೀತಿತ್ತು. ಆವಾಗ ನಾ ಅಂದೆ, ತಮ್ಮಾ, ಹೆಲ್ಮೆಟ್ ಪ್ಯಾಡ್ ನೀರಿನ ಬಾಟ್ಲಿ ಎಲ್ಲಾ ಹಾಕ್ಕೊಂಡು ಪೆಡಲ್ ಮ್ಯಾಲೆ ನಿಂದ್ರು, ಸೀಟ್ ಮ್ಯಾಲೆ ಕುಂದ್ರಬ್ಯಾಡ, ಇಳಿಜಾರಿನಾಗ ಹೆಂಗ ನಿಲ್ತಿ ಹಂಗ ನಿಂದ್ರು. ಒಬ್ಬಾವ ಹ್ಯಾಂಡಲ್ ಹಿಡದ, ಇನ್ನೊಬ್ಬಾವ ಶಾಕ್‌ನ ಎರಡೂ ತುದಿಯ ಬೋಲ್ಟ್ ಕಣ್ಣಿನ ನಡುವ ಅಳದ. 250 ಇದ್ದದ್ದು 222ಕ್ಕ ಬಂತು. ಶಾಕ್ ಪೂರಾ ಕುಸಿಯೂ ಅಳತಿ (ಸ್ಟ್ರೋಕ್) 75 ಐತಿ, 28 ಇಳದ್ರ 37 ಪರ್ಸೆಂಟ್ ಸ್ಯಾಗ್ ಆತು. ಡೌನ್‌ಹಿಲ್‌ಗೆ ಹಿಂದ 30 ಹತ್ರ ಸಾಕು, ಅಂದ್ರ 22.5 ಮಿ.ಮೀ. ಆ ಹೆಚ್ಚಿನ 7 ಪರ್ಸೆಂಟ್, ಹಿಂದಿನ ಗಾಲಿ ಮ್ಯಾಲೆ ಕೆಳಗ ಆಡೂ 200 ಮಿ.ಮೀ. ಟ್ರಾವೆಲ್ ಮ್ಯಾಲೆ, ಬಿಬಿಯನ್ನ ಸುಮಾರು 9 ಮಿ.ಮೀ. ಕೆಳಗ ಜಗ್ಗಿತ್ತು. ಚಿಪ್ ಎತ್ತಿ ಕೊಟ್ಟಿದ್ದು 7! ಸ್ಪ್ರಿಂಗ್ ಮೆತ್ತಗಿತ್ತು ಅಷ್ಟ. ಸ್ಪ್ರಿಂಗ್ ಬಿಗಿಯೂ ಪ್ರಿಲೋಡ್ ರಿಂಗ್ ತಿರುವಿ ತಿರುವಿ ಸರಿ ಮಾಡ್ತೇನಿ ಅಂದ, ಅದು ಆಗೂ ಕೆಲಸಲ್ಲ, ಒಂದೆರಡು ಸುತ್ತಿಗಿಂತ ಹೆಚ್ಚು ಬಿಗೀಬೇಕು ಅಂದ್ರ ಸ್ಪ್ರಿಂಗ್ ತಪ್ಪೈತಿ ಅಂತ ಅರ್ಥ. ಗಟ್ಟಿ ಸ್ಪ್ರಿಂಗ್ ಹಾಕಿದ, ಪೆಡಲ್ ಬಡಿಯೂದು ನಿಂತ್ತು, ಕ್ರ್ಯಾಂಕ್ ರೊಕ್ಕ ಉಳೀತು.

ಇದಕ್ಕ ನಾನು ಇಷ್ಟು ಒತ್ತಿ ಹೇಳೂದು. ಸ್ಯಾಗ್ ತಪ್ಪಿದ್ದಾಗ ಹೈ, ಲೋ, ಮುಲೆಟ್ ಅಂತ ಏನ ವಾದ ಮಾಡಿದ್ರೂ ಗಾಳಿಗುದ್ದಾಟ. ಟೇಪ್ ಒಂದು ನೂರು ರೂಪಾಯಿ, ಗಾಲಿ ಎಷ್ಟು ಅಂತ ನಿಮಗ ಗೊತ್ತೈತಿ, ನಿಮ್ಮ ಅಪ್ಪಗೂ ಗೊತ್ತೈತಿ.

ಚೈನ್‌ಸ್ಟೇ ಅಡ್ಜಸ್ಟ್ ಇದ್ದ ಫ್ರೇಮ್‌ದೋರಿಗೆ ಒಂದು ಮಾತು. ಗಿಡ್ಡ ಮಾಡಿದ್ರ ಸೈಕಲ್ ಚುರುಕಾಗಿ ತಿರಗತೈತಿ, ಉದ್ದ ಮಾಡಿದ್ರ ವೇಗದಾಗ ಗಟ್ಟಿ ನಿಲ್ತೈತಿ, ಅದು ಖರೆ. ಆದ್ರ ಹುಬ್ಬಳ್ಳಿ ನವಲಗುಂದ ಕಡಿ ಎರಿಮಣ್ಣಿನಾಗ ಮಳಿ ಬಿದ್ದ ಮ್ಯಾಲೆ 29 ಗಾಲಿ ಹಾಕಿ ಗಿಡ್ಡ ಪೊಸಿಷನ್‌ನಾಗ ಹೋಗಿ ನೋಡ್ರಿ, ಟೈರ್‌ಗೂ ಫ್ರೇಮಿಗೂ ನಡುವ ಮಣ್ಣು ಮೆತ್ತಿ ಗಾಲಿ ತಿರಗೂದ ನಿಲ್ತೈತಿ, ಹೆಗಲ ಮ್ಯಾಲೆ ಹೊತ್ಕೊಂಡು ಬರಬೇಕು. ಮತ್ತ ಗಾಲಿ ಸೈಜ್ ಬದಲಿಸಿದ್ರ ಶಾಕ್‌ನ ಗಾಳಿ ಪೂರಾ ಬಿಟ್ಟು, ಕಾಯಿಲ್ ಇದ್ರ ಸ್ಪ್ರಿಂಗ್ ತಗದು, ಕೊನೀತನಕ ಒತ್ತಿ ಟೈರ್ ಸೀಟ್ ಟ್ಯೂಬಿಗೆ, ಸೀಟಿಗೆ ಬಡೀತೈತೇನು ನೋಡ್ರಿ. ಮುಂದನೂ ಅಷ್ಟ, ಟೈರ್ ಫೋರ್ಕಿನ ಕಾಲು ಕೂಡೂ ಕ್ರೌನ್‌ಗೆ ತಾಗಿದ್ರ ಗಾಲಿ ಲಾಕ್ ಆಗಿ ಮನಷ್ಯಾ ಮುಂದ ಹಾರ್ತಾನ. ಇದನ್ನ ಮನ್ಯಾಗ ನೋಡ್ರಿ, ಗುಡ್ಡದ ಮ್ಯಾಲೆ ನೋಡಬ್ಯಾಡ್ರಿ.

ಗುಡ್ಡ ಅಂದಕೂಡ್ಲೇ ನೆನಪಾತು, ಕಪ್ಪತಗುಡ್ಡ ವನ್ಯಜೀವಿ ಧಾಮ ಐತ್ರಿ, ಅಲ್ಲಿ ಟ್ರೇಲ್ ಕಡೀತೇವಿ ಅನ್ನೂ ಮಾತು ಯಾರೂ ಎತ್ತಬ್ಯಾಡ್ರಿ. ಗಿಡಮೂಲಿಕೆ ಗುಡ್ಡ ಅದು, ಹೋರಾಟ ಮಾಡಿ ಉಳಿಸ್ಯಾರ.

ಹತ್ತ ನಿಮಿಷ ಅಂತ ಚೀಟಿ ಬಂದೈತಿ, ಅಲ್ಲ, ಐದ ನಿಮಿಷ ಅಂತ. ಹಂಗಾದ್ರ ಹೆಡ್‌ಸೆಟ್ ಕಪ್ ತಿರುವಿ ಸೈಕಲ್‌ನ ಮುಂಭಾಗದ ಉದ್ದ (ರೀಚ್) ಬದಲಿಸೂದು ಇವತ್ತು ಬಿಡ್ತೇನಿ. ಎರಡು ಕ್ರೌನ್ ಇದ್ದ ಡಬಲ್ ಕ್ರೌನ್ ಫೋರ್ಕ್‌ದೋರು ಫೋರ್ಕಿನ ಟ್ಯೂಬ್ ಕ್ರೌನಿನಾಗ ಮ್ಯಾಲಕ್ಕ ಎಳದ್ರ ಹೆಡ್ ಆ್ಯಂಗಲ್ ನೆಟ್ಟಗಾಗತೈತಿ, ಬಿಬಿನೂ ಒಂಚೂರು ಇಳೀತೈತಿ ಅನ್ನೂದು ಮರೀಬ್ಯಾಡ್ರಿ, ಬೋಲ್ಟ್ ಬಿಗಿ ಅಳಿಯೂ ಟಾರ್ಕ್ ಪಾನಾದಿಂದನ ಬಿಗೀರಿ. ಒಂದ ಸಲಕ್ಕ ಒಂದ ಬದಲಾವಣೆ ಮಾಡ್ರಿ, ಅದ ಇಳಿಜಾರಿನಾಗ ಇಳದು ನೋಡ್ರಿ, ವಹಿಯಾಗ ಬರೀರಿ. ಟೈರ್ ಗಾಳಿ, ಶಾಕ್ ವಾಪಸ್ ಏಳೂ ವೇಗ (ರಿಬೌಂಡ್) ಬಗ್ಗೆ ಹೊರಗ ಮಾತಾಡೂಣು. ಸೈಕಲ್ ತಂದೋರು ಗ್ಯಾರೇಜ್ ಬಾಜೂಕ ನಿಲ್ಲಿಸ್ರಿ, ಶಾಕ್ ಪಂಪ್ ಒಂದ ಐತಿ, ಟೇಪ್ ಮೂರು ತಂದೇನಿ, ಸಣ್ಣ ಹುಡುಗೂರದ್ದು ಮೊದಲ ಅಳಿಯೂಣು.